ಹಾಗಲವಾಡಿಗೆ ತಡವಾಗಿ ತಲುಪಿದ ಕಾರು

1979ರಲ್ಲಿ ನಾನು ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ವಯಸ್ಸು ಮೂವತ್ತೆಂಟು. ಹಳೆಯ ಗಾಡಿಗಳ ಕೆಲಸದಲ್ಲಿ ನಾಗರಾಜನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ಜನ ಹೇಳುತ್ತಿದ್ದರು. ಜನರಿಗಿಂತ ಹೆಚ್ಚಾಗಿ ನಾನೇ ಹೇಳಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತು ಇಂಜಿನ್ ಶಬ್ದ ಕೇಳಿಯೇ ಇಂಥ ವಾಲ್ವ್ ಸಡಿಲವಾಗಿದೆ ಎಂದು ಹೇಳಿ ಗಿರಾಕಿಗಳನ್ನು ಬೆರಗುಗೊಳಿಸುವ ಚಟವೂ ಇತ್ತು. ಮೂವತ್ತು ವರ್ಷಕ್ಕೂ ಮೇಲೆ ಸ್ಪ್ಯಾನರ್ ಹಿಡಿದವನಿಗೆ ನೆನಪಿಟ್ಟುಕೊಳ್ಳುವಂಥ ಗಾಡಿಗಳು ಬೇಕಾದಷ್ಟಿವೆ. ಆದರೆ ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಕರೆಯದೆಯೇ ನೆನಪಿಗೆ ಬಂದು ಸಂಕಟ ಕೊಡುವುದು ಒಂದೇ ಒಂದು ಗಾಡಿ. ಅದು ಕುಣಿಗಲ್ಲಿನ ನಿವೃತ್ತ ವೆಟರ್ನರಿ ಡಾಕ್ಟರ್ ರುದ್ರಪ್ಪನವರ ಕಾರು.

1938ರಲ್ಲಿ ತಯಾರಾದ ಕಡುನೀಲಿ ಬಣ್ಣದ ವಿದೇಶಿ ಕಾರು ಅದು. ಕಂಪನಿಯ ಹೆಸರು ಇಲ್ಲಿ ಬೇಡ, ತಪ್ಪು ಅವರದಲ್ಲ. ಡಾಕ್ಟರು ಅದನ್ನು 1958ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಹಸು ಎಮ್ಮೆ ನೋಡಲು ಹಳ್ಳಿಗಳಿಗೆ ಅದರಲ್ಲೇ ಹೋಗಿಬರುತ್ತಿದ್ದುದರಿಂದ ಸುತ್ತಿನ ಊರಿನವರಿಗೆಲ್ಲ ಅದು ‘ದನದ ಡಾಕ್ಟ್ರ ಕಾರು’ ಎಂದೇ ಗೊತ್ತು. ಮೆತ್ತನೆಯ ಸ್ಪ್ರಿಂಗು, ಹಿಂದಿನ ಸೀಟು ಮಂಚದಷ್ಟು ಅಗಲ. ಎಪ್ಪತ್ತರ ದಶಕದಲ್ಲಿ ಅದರ ರಿಪೇರಿಯೆಲ್ಲ ನನ್ನ ಕೈಯಲ್ಲೇ ಆಗುತ್ತಿತ್ತು.

1979ರ ಮಾರ್ಚ್ ತಿಂಗಳ ಮೊದಲ ವಾರ, ಒಂದು ಸೋಮವಾರ ಬೆಳಿಗ್ಗೆ ಡಾಕ್ಟರು ತಾವೇ ಓಡಿಸಿಕೊಂಡು ಗ್ಯಾರೇಜಿಗೆ ಬಂದರು. ಯಾವಾಗಲೂ ಇಸ್ತ್ರಿ ಮಾಡಿದ ಬಟ್ಟೆ ಹಾಕುವ ಮನುಷ್ಯ, ಅವತ್ತು ಗಡ್ಡ ಕೂಡ ಹೆರೆದುಕೊಂಡಿರಲಿಲ್ಲ. ಸ್ಟೂಲಿನ ಮೇಲೆ ಕೂತು ನಿಧಾನವಾಗಿ ವಿಷಯ ಹೇಳಿದರು. ಅವರ ಹೆಂಡತಿ ಗಿರಿಜಮ್ಮನವರಿಗೆ ಬೆನ್ನುಮೂಳೆಯಲ್ಲಿ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು. ಮಲಗಿರಬಹುದು, ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗದು. ಅಂಥ ಸ್ಥಿತಿಯಲ್ಲಿ ಅವರಿಗೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಿಂದ ಒಂದು ಕಾಗದ ಬಂದಿತ್ತು. ಬರೆಸಿದವರು ಅವರ ಅಕ್ಕ ಪಾರ್ವತಮ್ಮ.

ಅಕ್ಕ ತಂಗಿ ಮಾತು ಬಿಟ್ಟು ಹದಿನೇಳು ವರ್ಷವಾಗಿತ್ತು. ತಾಯಿಗೆ ಕೊನೆಗಾಲ ಬಂದಾಗ ಅಕ್ಕ ಬೇಕೆಂದೇ ತನಗೆ ಸಮಯಕ್ಕೆ ಸರಿಯಾಗಿ ಹೇಳಿ ಕಳಿಸಲಿಲ್ಲ, ತಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂಬ ಸಿಟ್ಟು ಗಿರಿಜಮ್ಮನವರದು. ಅವತ್ತು ಆ ಮನೆಯ ಅಂಗಳದಲ್ಲೇ ಬಾಯಿಗೆ ಬಂದಂತೆ ಅಂದು, ಮತ್ತೆ ಈ ಹೊಸಲು ತುಳಿಯುವುದಿಲ್ಲ ಎಂದು ಹೊರಟವರು ತುಳಿದಿರಲಿಲ್ಲ. ಈಗ ಅಕ್ಕನಿಗೆ ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿತ್ತು. ‘ನನಗೂ ಆಗ್ತಿಲ್ಲ, ನಿನಗೂ ಆಗ್ತಿಲ್ಲವಂತೆ. ನಾಲಿಗೆ ಹೊರಳುವಾಗಲೇ ಒಂದ್ಸಲ ಬಂದು ಹೋಗು ಗಿರಿಜಾ’ ಎಂದು ಕಾಗದದಲ್ಲಿ ಇತ್ತಂತೆ.

ಗಿರಿಜಮ್ಮ ಹೊರಟೇಬಿಟ್ಟಿದ್ದರು. ಕುಣಿಗಲ್ಲಿನಿಂದ ತುಮಕೂರು, ಗುಬ್ಬಿ ದಾಟಿ ಹಾಗಲವಾಡಿಗೆ ಹತ್ತಿರ ಹತ್ತಿರ ಎಂಬತ್ತು ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಡಾಕ್ಟರು ಹೊರಟರೆ, ಹೆಬ್ಬೂರು ತಲುಪುವಷ್ಟರಲ್ಲಿ ಅವರ ನರಳಾಟ ನೋಡಲಾಗದೆ ವಾಪಸ್ಸು ತಿರುಗಿಸಬೇಕಾಯಿತು. ಕಾರು ಗಂಟೆಗೆ ಇಪ್ಪತ್ತು ಮೈಲಿ ದಾಟಿದರೆ ಸಾಕು, ನೆಲದ ಹಲಗೆಯಿಂದ ಒಂದು ಸಣ್ಣ ನಡುಕ ಹುಟ್ಟಿ ಸೀಟಿಗೆ ಏರುತ್ತಿತ್ತು. ಆರೋಗ್ಯವಂತನಿಗೆ ಅದು ಲೆಕ್ಕಕ್ಕಿಲ್ಲ. ಮೂಳೆ ಸವೆದವರಿಗೆ ಹಾಗಲ್ಲ. ಇಪ್ಪತ್ತರ ಒಳಗೇ ಹೋಗೋಣವೆಂದರೆ ಮೂರು ಗಂಟೆಗೂ ಮೇಲಾಗುತ್ತದೆ, ನೋವಿನ ಮಾತ್ರೆ ಹಿಡಿಯುತ್ತಿದ್ದುದು ಎರಡೇ ಗಂಟೆ. ಟ್ಯಾಕ್ಸಿಯ ಸೀಟು ಮಲಗಲು ಸಾಲದು, ಆಸ್ಪತ್ರೆಯ ವ್ಯಾನು ಜೀಪಿಗಿಂತ ಕಡೆ. ಆ ಹೆಣ್ಣುಮಗಳು ತನ್ನ ಅಕ್ಕನನ್ನು ನೋಡಬೇಕೆಂದರೆ ಈ ಕಾರಿನ ನಡುಕ ನಿಲ್ಲಬೇಕಿತ್ತು, ಅಷ್ಟೆ.

“ನಾಗರಾಜ್, ನಾವು ದನ ನೋಡೋಕೆ ಹೋದ್ರೆ ಮೊದ್ಲು ಕೇಳೋದು, ಇದು ಯಾವತ್ತಿಂದ ಹಿಂಗಾಗಿದೆ ಅಂತ,” ಎಂದರು ಡಾಕ್ಟರು. “ಇದು ಹೋದ ಆಯುಧಪೂಜೆ ಆದ್ಮೇಲೆ ಶುರುವಾಗಿದ್ದು. ನಾನು ಅಷ್ಟಾಗಿ ತಲೆ ಕೆಡಿಸ್ಕೊಳ್ಳಲಿಲ್ಲ.”

“ನಲವತ್ತು ವರ್ಷದ ಗಾಡಿ ಸಾರ್, ಟೈರ್ ಇರುತ್ತೆ. ಒಂದು ವಾರ ಬಿಡಿ,” ಎಂದೆ ನಾನು.

ಅವರು ರೋಗದ ಮೂಲವನ್ನೇ ನನ್ನ ಕೈಗಿಟ್ಟಿದ್ದರು. ಅದು ನನ್ನ ಕಿವಿಗೇ ಬೀಳಲಿಲ್ಲ.

ಇಲ್ಲಿ ಸ್ವಲ್ಪ ಗಾಡಿಯ ವಿಷಯ ಹೇಳಬೇಕು. ಇಂಥ ಕಾರುಗಳಲ್ಲಿ ಇಂಜಿನ್ನೂ ಗೇರ್‌ಬಾಕ್ಸೂ ಮುಂದಿರುತ್ತವೆ, ತಿರುಗಬೇಕಾದ್ದು ಹಿಂದಿನ ಚಕ್ರ. ಆ ಶಕ್ತಿಯನ್ನು ಹಿಂದಕ್ಕೆ ಒಯ್ಯುವುದು ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಮಲಗಿರುವ ಕೊಳವೆಯಂಥ ಪ್ರೊಪೆಲ್ಲರ್ ಶಾಫ್ಟ್. ರಸ್ತೆಯ ಹಳ್ಳದಿಣ್ಣೆಗೆ ಹಿಂದಿನ ಚಕ್ರಗಳ ಅಚ್ಚು, ಅಂದರೆ ಆಕ್ಸಲ್, ಮೇಲೆ ಕೆಳಗೆ ಆಡುವುದರಿಂದ ಶಾಫ್ಟಿನ ಎರಡು ತುದಿಗೂ ಬಾಗುವ ಕೀಲುಗಳಿರುತ್ತವೆ. ಅವಕ್ಕೆ ಯೂನಿವರ್ಸಲ್ ಜಾಯಿಂಟ್ ಎಂದು ಹೆಸರು. ಶಾಫ್ಟ್ ಒಂದೇ ತುಂಡಲ್ಲ, ಒಂದರೊಳಗೊಂದು ಜಾರುವ ಎರಡು ಭಾಗ. ಜಾರುವ ಕಡೆ ಒಳಗೂ ಹೊರಗೂ ಹಲ್ಲುಗಳಿದ್ದು ಒಂದಕ್ಕೊಂದು ಕೂರುತ್ತವೆ. ಆ ಕಾರಿನಲ್ಲಿ ಹದಿನಾರು ಹಲ್ಲು.

ಬಾಗಿದ ಕೀಲು ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಮುಂದಕ್ಕೆ ನುಗ್ಗುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಹಿಂದಿನ ಕೀಲು ಅದಕ್ಕೆ ಸರಿಯಾಗಿ ಉಲ್ಟಾ ಮಾಡಿ ಆ ಏರುಪೇರನ್ನು ನುಂಗಿಬಿಡುತ್ತದೆ. ಆದರೆ ಶಾಫ್ಟಿನ ಎರಡು ತುದಿಯಲ್ಲಿ ಕೀಲನ್ನು ಹಿಡಿದಿರುವ ಕವೆಗಳು ಒಂದೇ ನೇರದಲ್ಲಿದ್ದರೆ ಮಾತ್ರ. ಅಡ್ಡೆ ಹೊತ್ತ ಇಬ್ಬರು ಹೆಜ್ಜೆ ಹೊಂದಿಸಿಕೊಳ್ಳದಿದ್ದರೆ ಹೊರೆ ಹೇಗೆ ಕುಲುಕುತ್ತದೋ, ಕವೆಗಳ ನೇರ ತಪ್ಪಿದರೆ ಗಾಡಿಗೂ ಹಾಗೆಯೇ ಆಗುತ್ತದೆ. ಅದಕ್ಕೇ ಶಾಫ್ಟ್ ಬಿಚ್ಚುವ ಮೊದಲು ಎರಡೂ ಭಾಗದ ಮೇಲೆ ಗುರುತು ಹಾಕಿಕೊಂಡು, ಜೋಡಿಸುವಾಗ ಆ ಗುರುತು ಎದುರುಬದುರು ಬರುವಂತೆ ಕೂರಿಸಬೇಕು. ಇದು ಮೆಕ್ಯಾನಿಕ್ ಕೆಲಸದ ಒಂದನೇ ಪಾಠ. ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೋ.

ಮೊದಲ ವಾರ ಟೈರಿಗೆ ಹೋಯಿತು. ನಾಲ್ಕು ಚಕ್ರವನ್ನೂ ಬ್ಯಾಲೆನ್ಸ್ ಮಾಡಿಸಲು ಬೆಂಗಳೂರಿಗೆ ಕಳಿಸಿದೆ. ಅವು ವಾಪಸ್ಸು ಬರಲು ಆರು ದಿನ ಬೇಕಾಯಿತು. ಹಾಕಿ ಓಡಿಸಿದರೆ ನಡುಕ ಎಲ್ಲಿತ್ತೋ ಅಲ್ಲೇ ಇತ್ತು.

ಆಮೇಲೆ ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆಯನ್ನು ಎಂಟನೆಯ ದಿನ ಮಾಡಿದೆ. ಶಿರಾ ರಸ್ತೆಯಲ್ಲಿ ಮೂವತ್ತು ಮೈಲಿಗೆ ಏರಿಸಿ, ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಆಫ್ ಮಾಡಿದೆ. ಗಾಡಿ ಸುಮ್ಮನೆ ಉರುಳುತ್ತಿದ್ದರೂ ನಡುಕ ನಿಲ್ಲಲಿಲ್ಲ. ಅಂದರೆ ಇಂಜಿನ್ ತಪ್ಪಿಲ್ಲ, ಏನಿದ್ದರೂ ಗೇರ್‌ಬಾಕ್ಸಿನ ಹಿಂದೆ. ಅಲ್ಲಿ ಉಳಿದಿದ್ದು ಎರಡೇ, ಶಾಫ್ಟು ಮತ್ತು ಹಿಂದಿನ ಆಕ್ಸಲ್. ತಲೆ ನೆಟ್ಟಗಿದ್ದವನು ಶಾಫ್ಟ್ ಮೊದಲು ನೋಡುತ್ತಾನೆ. ನಾನು ಆಕ್ಸಲ್ ಬಿಚ್ಚಿದೆ. ಬೇರಿಂಗಿನಲ್ಲಿ ಕೂದಲೆಳೆಯಷ್ಟು ಸವಕಲು ಕಂಡಿತು. ಇದೇ ಎಂದು ತೀರ್ಮಾನ ಮಾಡಿ, ಸಿಗದ ಬೇರಿಂಗನ್ನು ಹುಡುಕಿಸಲು ಮತ್ತೆ ಬೆಂಗಳೂರಿಗೆ ಹೇಳಿ ಕಳಿಸಿ ಇನ್ನೊಂದು ವಾರ ಕಳೆದೆ. ಹೊಸ ಬೇರಿಂಗ್ ಹಾಕಿದರೂ ನಡುಕ ಹೋಗಲಿಲ್ಲ. ಶಾಫ್ಟಿನ ಮುಂದೆ ನೋಡಿದೆ, ಹಿಂದೆ ನೋಡಿದೆ. ಶಾಫ್ಟ್ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದೆ. ಏಕೆಂದರೆ ಅದನ್ನು ಐದು ತಿಂಗಳ ಹಿಂದೆ ನಾನೇ ಬಿಚ್ಚಿ, ಹೊಸ ಜಾಯಿಂಟ್ ಹಾಕಿ ಕೂರಿಸಿದ್ದೆ. ನಾನು ಮಾಡಿದ ಕೆಲಸ ಎಂದ ಮೇಲೆ ಅದು ಸರಿಯಾಗಿದೆ ಎಂದೇ ನನ್ನ ಲೆಕ್ಕ.

ಡಾಕ್ಟರು ಈ ಮಧ್ಯೆ ಎರಡು ಸಲ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬಂದರು. ರೇಗಲಿಲ್ಲ, ಅವಸರ ಮಾಡಲಿಲ್ಲ. ಎರಡನೆಯ ಸಲ ಬಂದಾಗ ಮಾತ್ರ, “ದಿನಾ ಬೆಳಿಗ್ಗೆ ಎದ್ದು ಗಾಡಿ ಬಂತಾ ಅಂತ ಕೇಳ್ತಾಳೆ ನಾಗರಾಜ್. ನಾಳೆ ಅಂತೀನಿ,” ಎಂದು ಹೇಳಿ ಹೊರಟುಹೋದರು. ಅವತ್ತು ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೇಜಾರಿಗಿಂತ ಹೆಚ್ಚಾಗಿ ಆ ಗಾಡಿಯ ಮೇಲೆ ಸಿಟ್ಟು ಬಂದಿತ್ತು. ನನ್ನ ಮರ್ಯಾದೆ ತೆಗೆಯಲೆಂದೇ ನಡುಗುತ್ತಿದೆ ಅನ್ನಿಸುತ್ತಿತ್ತು.

ಮೂರನೆಯ ವಾರದ ಗುರುವಾರ, ಬೇರೆ ದಾರಿಯಿಲ್ಲದೆ ಶಾಫ್ಟ್ ಇಳಿಸಿ, ಜಾರುವ ಭಾಗವನ್ನು ಬಿಚ್ಚದೆ ಇಡೀ ಶಾಫ್ಟನ್ನು ತುಮಕೂರಿನದೇ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾಕ್ಕೆ ಒಯ್ದೆ. ಅಲ್ಲಿ ಬಾಷಾ ಸಾಹೇಬರು ಎಂಬ ಹಿರಿಯರು ಲೇತ್ ಇಟ್ಟುಕೊಂಡಿದ್ದರು. ಶಾಫ್ಟ್ ಡೊಂಕಾಗಿರಬಹುದೇ ನೋಡಿ ಎಂದೆ. ಅವರು ಲೇತಿಗೆ ಕಟ್ಟಿ, ಡೊಂಕು ಅಳೆಯುವ ಮುಳ್ಳಿನ ಗೇಜ್ ಹಿಡಿದು ನಿಧಾನವಾಗಿ ತಿರುಗಿಸಿದರು. ಮುಳ್ಳು ಅಲುಗಿದರೂ ಅಲುಗದ ಹಾಗೆ ಇತ್ತು.

“ಶಾಫ್ಟ್ ನೆಟ್ಟಗದೆ ಕಣಪ್ಪ,” ಎಂದರು. ಆಮೇಲೆ ಕನ್ನಡಕ ಹಣೆಗೇರಿಸಿ ಎರಡು ತುದಿಯನ್ನೂ ಒಂದು ಸಲ ನೋಡಿದರು. “ಇದನ್ನ ಜೋಡ್ಸಿದ್ದು ಯಾರು?”

“ನಾನೇ,” ಎಂದೆ.

ಅವರು ಒಂದು ಹಳೆಯ ಹ್ಯಾಕ್ಸಾ ಬ್ಲೇಡು ಕೊಟ್ಟು, ಪಕ್ಕದ ಕೆಲಸಕ್ಕೆ ಹೋದರು. ಶಾಫ್ಟಿನ ಮೇಲೆ ದಪ್ಪಗೆ ಕಪ್ಪು ಎನಾಮಲ್ ಬಣ್ಣ ಇತ್ತು, ಫಳಫಳ ಹೊಳೆಯುತ್ತಿತ್ತು. ಹಲ್ಲು ಕೂರುವ ಜಾಗದಲ್ಲಿ ಕೆರೆದೆ. ಬಣ್ಣದ ಕೆಳಗೆ ಕಂಪನಿಯವರೇ ಉಕ್ಕಿನ ಮೇಲೆ ಒತ್ತಿದ್ದ ಬಾಣದ ಗುರುತು, ಈ ಭಾಗಕ್ಕೊಂದು, ಆ ಭಾಗಕ್ಕೊಂದು. ಎರಡೂ ಮೂತಿಗೆ ಮೂತಿ ಕೂಡಬೇಕಿತ್ತು. ಎರಡು ಹಲ್ಲಿನಷ್ಟು ಆಚೆಗಿದ್ದವು. ಮಗು ಕೂಡ ನೋಡಿ ಹೇಳಬಹುದಾದಷ್ಟು ಕವೆಗಳು ಓರೆಯಾಗಿದ್ದವು.

ಆಗ ಹಿಂದಿನ ಆಯುಧಪೂಜೆ ನೆನಪಾಯಿತು. ಪೂಜೆಯ ಹಿಂದಿನ ದಿನ ಈ ಶಾಫ್ಟ್ ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದೆ. ಗುರುತು ಹಾಕಿದ್ದೆ, ಆದರೆ ಉಳಿ ಪೆಟ್ಟಿನಿಂದಲ್ಲ, ಸೀಮೆಸುಣ್ಣದಲ್ಲಿ. ಡಾಕ್ಟರ ಕಾರಿಗೆ ಏಟು ಹಾಕುವುದೇಕೆ ಎಂಬ ಭಕ್ತಿ. ನಮ್ಮ ಗ್ಯಾರೇಜಿನ ಪದ್ಧತಿ ಏನೆಂದರೆ, ಪೂಜೆ ದಿನ ಒಂದು ನಟ್ಟು ಕೂಡ ಜಿಡ್ಡಿನಲ್ಲಿ ಇರಕೂಡದು. ಗಿರಾಕಿಯ ಗಾಡಿಯ ಭಾಗವಾದರೂ ಅವತ್ತು ನಮ್ಮ ಮನೆಯ ಆಯುಧವೇ. ಸ್ಪ್ಯಾನರುಗಳ ಜೊತೆಗೆ ಆ ಶಾಫ್ಟನ್ನೂ ನಾನೇ ಎರಡು ತುಂಡು ಮಾಡಿ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದೆ, ನಾನೇ ಬಣ್ಣ ಹೊಡೆದೆ, ಒಣಗಿದ ಮೇಲೆ ಮೂರು ಬೆರಳಿನ ವಿಭೂತಿ ಎಳೆದು ಹೂವಿಟ್ಟು ಕೈಮುಗಿದೆ. ಸೀಮೆಸುಣ್ಣ ಸೀಮೆಎಣ್ಣೆಯಲ್ಲಿ ಹೋಯಿತು, ಕಂಪನಿಯ ಗುರುತು ಬಣ್ಣದ ಕೆಳಗೆ ಹೋಯಿತು. ವಿಜಯದಶಮಿ ಮುಗಿಸಿ ಬಂದವನು, ಕೈಗೆ ಅಂದಾಜಿದೆಯಲ್ಲ ಎಂದು ಹಲ್ಲಿಗೆ ಹಲ್ಲು ಕೂಡಿಸಿ ಬೋಲ್ಟ್ ಬಿಗಿದಿದ್ದೆ. ಭಕ್ತಿಯಲ್ಲಿ ನಾನು ಏನೂ ಕಡಿಮೆ ಮಾಡಿರಲಿಲ್ಲ.

ಸರಿ ಮಾಡಲು ಬೇಕಾದದ್ದು ಹತ್ತು ನಿಮಿಷ. ಎಳೆದು ಬಿಡಿಸಿ, ಎರಡು ಹಲ್ಲು ತಿರುಗಿಸಿ, ಬಾಣಕ್ಕೆ ಬಾಣ ಸೇರಿಸಿ ಒಳಕ್ಕೆ ತಳ್ಳಿದೆ. ಅವತ್ತೇ ಮಧ್ಯಾಹ್ನ ಶಾಫ್ಟ್ ಏರಿಸಿ ಶಿರಾ ರಸ್ತೆಗೆ ಹೋದೆ. ಇಪ್ಪತ್ತು, ಮೂವತ್ತು, ನಲವತ್ತು ಮೈಲಿ. ಹಿಂದಿನ ಸೀಟಿನ ಮೇಲೆ ಒಂದು ಲೋಟದಲ್ಲಿ ನೀರಿಟ್ಟು, ಗ್ಯಾರೇಜಿನವರೊಬ್ಬರನ್ನು ಕೂರಿಸಿ ನೋಡಿಸಿದೆ. ನೀರು ಅಲ್ಲಾಡುತ್ತಿಲ್ಲ ಎಂದರು. ಆ ಮಾತು ಕೇಳಿ ನನಗೆ ಸಂತೋಷವಾಗಲಿಲ್ಲ.

ಶುಕ್ರವಾರ ಕುಣಿಗಲ್ಲಿಗೆ ಗಾಡಿ ಒಯ್ದು ಡಾಕ್ಟರಿಗೆ ತೋರಿಸಿದೆ. ಏನಾಗಿತ್ತು ಎಂದು ಕೇಳಿದರು. “ಶಾಫ್ಟಲ್ಲಿ ಇತ್ತು ಸಾರ್, ಸರಿ ಹೋಗಿದೆ,” ಎಂದಷ್ಟೇ ಹೇಳಿದೆ. ಯಾರು ಮಾಡಿದ್ದು ಎಂದು ಹೇಳುವ ಧೈರ್ಯ ಬರಲಿಲ್ಲ. ನಾಳೆ ನೀನೇ ಓಡಿಸು, ನಾನು ಅವಳನ್ನು ನೋಡಿಕೊಳ್ಳಬೇಕು ಎಂದರು. ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಗಿರಿಜಮ್ಮನವರನ್ನು ನಾನು ನೋಡಿ ಒಂದು ವರ್ಷವಾಗಿತ್ತು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಹೊಸ ಸೀರೆ ಉಟ್ಟಿದ್ದರು, ತಲೆಗೆ ಮಲ್ಲಿಗೆ. ಹೆಬ್ಬೂರು ದಾಟಿದಾಗ ಹಿಂದಿನಿಂದ ಅವರ ದನಿ ಕೇಳಿತು. “ಏನೂ ಗೊತ್ತೇ ಆಗ್ತಿಲ್ಲ ನಾಗರಾಜಪ್ಪ. ತೊಟ್ಟಿಲಲ್ಲಿ ಮಲಗಿದಂಗದೆ. ನಿನ್ನ ಕೈ ತಣ್ಣಗಿರ್ಲಿ.” ನಾನು ರಸ್ತೆ ನೋಡುತ್ತಾ ಓಡಿಸಿದೆ. ದಾರಿಯುದ್ದಕ್ಕೂ ಅಕ್ಕನಿಗೆ ಏನು ಹೇಳಬೇಕು ಎಂಬುದನ್ನು ಗಂಡನಿಗೆ ಹೇಳುತ್ತಿದ್ದರು. ಅಮ್ಮನ ವಿಷಯ ಎತ್ತಬಾರದು, ಅವಳೇ ಎತ್ತಿದರೆ ತಪ್ಪು ನನ್ನದು ಅಂದುಬಿಡುತ್ತೇನೆ ಎಂದರು. ಸ್ವಲ್ಪ ಹೊತ್ತಿಗೆ, ಇಲ್ಲ, ನಾನೇ ಮೊದಲು ಎತ್ತುತ್ತೇನೆ ಎಂದರು.

ಒಂಬತ್ತಕ್ಕೆ ಹಾಗಲವಾಡಿ ಸೇರಿದೆವು. ಪಾರ್ವತಮ್ಮನವರ ಸೊಸೆ ಬಾಗಿಲಿಗೆ ಬಂದರು. ನಾನೂ ಡಾಕ್ಟರೂ ಎರಡು ಕಡೆ ಹಿಡಿದು ಗಿರಿಜಮ್ಮನವರನ್ನು ಒಳಗೆ ಕರೆದುಕೊಂಡು ಹೋಗಿ ಅಕ್ಕನ ಮಂಚದ ಪಕ್ಕ ಇನ್ನೊಂದು ಹಾಸಿಗೆಯಲ್ಲಿ ಮಲಗಿಸಿದೆವು. ಪಾರ್ವತಮ್ಮನವರ ಕಣ್ಣು ತೆರೆದಿತ್ತು. ಸೂರಿನ ತೊಲೆ ನೋಡುತ್ತಿದ್ದವು ಆ ಕಣ್ಣುಗಳು.

“ಅಕ್ಕ, ಗಿರಿಜಾ ಬಂದಿವ್ನಿ ಕಣೇ,” ಎಂದರು ಗಿರಿಜಮ್ಮ. ಅಷ್ಟು ವರ್ಷ ಕುಣಿಗಲ್ಲಿನಲ್ಲಿ ಡಾಕ್ಟರ ಹೆಂಡತಿಯಾಗಿ ಆಡುತ್ತಿದ್ದ ಮಾತು ಬಿಟ್ಟು ಹುಟ್ಟಿದ ಮನೆಯ ಮಾತು ಬಂದಿತ್ತು. ಕೈ ಹಿಡಿದು ಅಲ್ಲಾಡಿಸಿದರು. ಕಣ್ಣು ಇತ್ತ ತಿರುಗಲಿಲ್ಲ.

ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ಹೇಳಿದರು. “ಬುಧವಾರ ಮತ್ತೆ ಲಕ್ವ ಹೊಡೀತು ಚಿಕ್ಕತ್ತೆ. ಅವತ್ತಿಂದ ಹಿಂಗೆ. ಮಂಗಳವಾರದ ಗಂಟ ಮಾತಾಡ್ತಿದ್ರು. ಒಂದು ಮೋಟರು ಶಬ್ದ ಆದ್ರೆ ಸಾಕು, ಗಿರಿಜಾ ಬಂದ್ಲಾ ನೋಡು ಅಂತ ನನ್ನ ಎಬ್ಬಿಸೋರು.”

ನಾನು ಬಾಗಿಲ ಹತ್ತಿರ ನಿಂತಿದ್ದೆ. ಆ ಮಂಗಳವಾರ ನಾನು ಆಕ್ಸಲಿಗೆ ಹೊಸ ಬೇರಿಂಗ್ ಬಡಿಯುತ್ತಿದ್ದೆ. ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಕಾರಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಒಳಗಿಂದ ಗಿರಿಜಮ್ಮನವರು ಅಕ್ಕನ ಹತ್ತಿರ ಒಂದೇ ಸಮನೆ ಮಾತಾಡುತ್ತಿದ್ದುದು ಕೇಳುತ್ತಿತ್ತು. ಉತ್ತರ ಬಾರದಿದ್ದರೂ ಮೂರು ಗಂಟೆ ಮಾತಾಡಿದರು.

ವಾಪಸ್ಸು ಬರುವಾಗ ಗುಬ್ಬಿಗೆ ಸ್ವಲ್ಪ ಮುಂಚೆ ಹುಣಸೆಮರದ ನೆರಳಲ್ಲಿ ಗಾಡಿ ನಿಲ್ಲಿಸಿದೆ. ಮಾತ್ರೆ ಹೊತ್ತಾಗಿತ್ತು. ತಂದಿದ್ದ ನೀರು ಮುಗಿದಿದ್ದರಿಂದ ಡಾಕ್ಟರು ಎದುರಿನ ತೋಟದ ಪಂಪ್‌ಸೆಟ್ಟಿನಿಂದ ತರಲು ಹೋದರು. ಇನ್ನು ತಡೆದುಕೊಳ್ಳಲಾಗಲಿಲ್ಲ. ಹಿಂದಿನ ಬಾಗಿಲು ತೆಗೆದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಪೂಜೆ, ಬಣ್ಣ, ಎರಡು ಹಲ್ಲು, ಟೈರು, ಬೇರಿಂಗು. “ನಾನು ಮೊದಲ ದಿನ ನನ್ನ ಕೆಲಸನೇ ನೋಡಿದ್ದಿದ್ರೆ ನೀವು ಮೂರು ವಾರ ಮುಂಚೆ ಬರ್ತಿದ್ರಿ ಅಮ್ಮಾ. ನಿಮ್ಮಕ್ಕ ಮಾತಾಡೋರು,” ಎಂದೆ. ಗಂಡಸು ಎಂಬ ನಾಚಿಕೆಯಿಲ್ಲದೆ ಅತ್ತೆ.

ಗಿರಿಜಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಗಾಡಿ ಚೆನ್ನಾಗಿದ್ದ ಹದಿನೇಳು ವರ್ಷ ನಾನು ಹೋಗ್ಲಿಲ್ಲ ಕಣಪ್ಪ,” ಎಂದರು. “ನಿನ್ನ ಮೂರು ವಾರನ ನಾನು ಯಾವ ಬಾಯಲ್ಲಿ ಕೇಳ್ಲಿ?”

ಡಾಕ್ಟರು ನೀರು ಹಿಡಿದು ಬರುವುದು ಕಂಡಿತು. ಗಿರಿಜಮ್ಮ ದನಿ ತಗ್ಗಿಸಿದರು. “ಇವರಿಗೆ ಹೇಳ್ಬೇಡ. ನಮ್ಮನೇಲಿ ಒಬ್ರು ಸಿಟ್ಟು ಹಿಡ್ಕೊಂಡು ಬದುಕಿದ್ದು ಸಾಕು.”

ಪಾರ್ವತಮ್ಮ ಯುಗಾದಿಗೆ ಮುಂಚೆಯೇ ತೀರಿಕೊಂಡರು. ಗಿರಿಜಮ್ಮ ಮೇ ತಿಂಗಳಲ್ಲಿ ಹೋದರು. ಡಾಕ್ಟರಿಗೆ ನಾನು ಹೇಳಲಿಲ್ಲ. ಗಿರಿಜಮ್ಮ ಬೇಡ ಎಂದದ್ದಕ್ಕೆ ಹೇಳಲಿಲ್ಲವೋ, ಹೇಡಿತನಕ್ಕೆ ಹೇಳಲಿಲ್ಲವೋ, ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಆಮೇಲೆ ಏಳು ವರ್ಷ, 1986ರಲ್ಲಿ ಅವರು ತೀರಿಕೊಳ್ಳುವವರೆಗೆ, ಆ ಕಾರು ನನ್ನ ಹತ್ತಿರವೇ ಸರ್ವೀಸಿಗೆ ಬರುತ್ತಿತ್ತು. ಬೇರೆಯವರ ಕೈಗೆ ಕೊಡಲ್ಲ ನಾಗರಾಜ್, ನಿನ್ನ ಕೈ ಮೇಲೆ ನನಗೆ ನಂಬಿಕೆ ಎನ್ನುತ್ತಿದ್ದರು. ಪ್ರತಿ ಸಲವೂ ತಲೆ ತಗ್ಗಿಸಿ ಬಾನೆಟ್ ತೆಗೆಯುತ್ತಿದ್ದೆ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಗಾಡಿ ಕೆಟ್ಟು ಬಂದರೆ ಮೊದಲು ಕೇಳಬೇಕಾದ್ದು, ಇದನ್ನು ಕೊನೆಯ ಸಲ ಮುಟ್ಟಿದವರು ಯಾರು ಎಂದು. ಮುಟ್ಟಿದವನು ನಾನೇ ಆಗಿದ್ದರೆ ಅಲ್ಲಿಂದಲೇ ಶುರು ಮಾಡಬೇಕು. ಅದಾದ ಮೇಲೆ ನಾನಿದ್ದ ಗ್ಯಾರೇಜಿನಲ್ಲಿ ಉಳಿಯ ಗುರುತು ಹಾಕದೆ ಯಾರೂ ಶಾಫ್ಟ್ ಬಿಚ್ಚಲಿಲ್ಲ. ಪೂಜೆ ದಿನ ಬಿಚ್ಚಿಟ್ಟ ಭಾಗಕ್ಕೆ ದೂರದಿಂದಲೇ ಕೈಮುಗಿಯುತ್ತಿದ್ದೆವು.

ಆ ತಾಯಿ ನಿಮ್ಮನ್ನು ಕ್ಷಮಿಸಿದರಲ್ಲ, ಇನ್ನೂ ಯಾಕೆ ಕೊರಗುತ್ತೀರಿ ಎಂದು ನನ್ನ ಹೆಂಡತಿ ಕೇಳುತ್ತಾಳೆ. ನನಗೆ ಅದು ಕ್ಷಮೆ ಅನ್ನಿಸಿಲ್ಲ. ಅವರು ನನ್ನ ಮೂರು ವಾರವನ್ನೂ ತಮ್ಮ ಹದಿನೇಳು ವರ್ಷಕ್ಕೆ ಸೇರಿಸಿಕೊಂಡು ಹೋದರು.